ಅಲಂಕಾರವೋ, ಅಂಕಾಲಂಕಾರವೋ?

ಅಲಂಕಾರ ಅಂದ ಕೂಡಲೇ ನಿಮಗೆ ಮೊದಲು ನೆನಪಾಗೋದು ಏನು? ಕುಮಾರವ್ಯಾಸನೋ, ಬೇಂದ್ರೆಯೋ, ಅಥವಾ ಹತ್ತನೇ ಕ್ಲಾಸಿನ ವ್ಯಾಕರಣದ ನೋಟ್ಸೋ? ನಿಜ ಹೇಳಿ. ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಆ ನೋಟ್ಸೇ. ಹೀಗಿರುತ್ತಿತ್ತು:

"ಸೀತೆಯ ಮುಖ ಕಮಲದಂತೆ ಅರಳಿತು."
ಉಪಮೇಯ: ಸೀತೆಯ ಮುಖ. ಉಪಮಾನ: ಕಮಲ. ವಾಚಕ ಪದ: ಅಂತೆ. ಸಮಾನ ಧರ್ಮ: ಅರಳುವುದು.
ಸಮನ್ವಯ: ಇಲ್ಲಿ ಉಪಮೇಯವಾದ ಸೀತೆಯ ಮುಖವನ್ನು ಉಪಮಾನವಾದ ಕಮಲಕ್ಕೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ.

ಮುಗೀತು. ಎರಡೋ ಮೂರೋ ಅಂಕ ಜೇಬಿಗೆ. ಮುಂದಿನ ಪ್ರಶ್ನೆ ಛಂದಸ್ಸು, ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿ.

ನನ್ನ ತಕರಾರು ಇಲ್ಲೇ ಶುರು. ಪೂರ್ತಿ ಅಂಕ ತೆಗೆದುಕೊಂಡ ಆ ಹುಡುಗ ಆ ವಾಕ್ಯವನ್ನು ಓದಿಯೇ ಇಲ್ಲ! ಕಮಲವೇ ಯಾಕೆ ಅಂತ ಅವನು ಕೇಳಿಕೊಂಡಿಲ್ಲ, ಅವನನ್ನು ಯಾರೂ ಕೇಳಿಯೂ ಇಲ್ಲ. ಕಮಲದ ಜಾಗದಲ್ಲಿ ಮಲ್ಲಿಗೆ ಇಟ್ಟು ನೋಡಿ. ಉತ್ತರಪತ್ರಿಕೆಯಲ್ಲಿ ಒಂದು ಪದ ಬದಲಾಗುತ್ತೆ, ಅಂಕ ಅಷ್ಟೇ ಬರುತ್ತೆ. ಆದರೆ ವಾಕ್ಯ? ಪೂರ್ತಿ ಬೇರೆ. ಮಲ್ಲಿಗೆ ಬಿರಿಯೋದು ಸಂಜೆಗೆ, ತನ್ನ ಪಾಡಿಗೆ ತಾನು. ನೋಡುವುದಕ್ಕೆ ಮೊದಲೇ ಪರಿಮಳದಿಂದ ಗೊತ್ತಾಗುತ್ತೆ. ಕಮಲ ಹಾಗಲ್ಲ. ಕಮಲ ಅರಳಬೇಕಾದರೆ ಸೂರ್ಯ ಬರಬೇಕು. ಅಂದರೆ ಸೀತೆಯ ಮುಖ ಕಮಲದಂತೆ ಅರಳಿತು ಅಂದಾಗ, ಎದುರಿಗೆ ಯಾರೋ ಬಂದಿದ್ದಾರೆ ಅಂತ ಆಯಿತು. ಬಂದವನು ರಾಮ ಆದರೆ, ಅವನು ಹುಟ್ಟಿದ್ದೇ ಸೂರ್ಯವಂಶದಲ್ಲಿ! ಒಂದು ಹೂವಿನ ಹೆಸರಿನಲ್ಲಿ ಹೆಸರೆತ್ತದೇ ಇನ್ನೊಬ್ಬ ಮನುಷ್ಯನನ್ನು ತಂದು ನಿಲ್ಲಿಸಿಬಿಟ್ಟಿದೆ ಆ ವಾಕ್ಯ. ಅಷ್ಟೇ ಅಲ್ಲ, ಸೂರ್ಯ ಹೋದರೆ ಕಮಲ ಮುಚ್ಚಿಕೊಳ್ಳುತ್ತೆ ಅನ್ನೋ ಮುನ್ಸೂಚನೆಯನ್ನೂ ಇಟ್ಟಿದೆ.

ಇದಕ್ಕೆ ಎಷ್ಟು ಅಂಕ? ಸೊನ್ನೆ. ಪ್ರಶ್ನೆಯೇ ಇಲ್ಲವಲ್ಲ!

ನನ್ನ ವಾದ ಇಷ್ಟೇ. ಅಲಂಕಾರಶಾಸ್ತ್ರ ಅನ್ನೋದು ಓದುಗನ ಕಣ್ಣು ತೆರೆಸುವ ವಿದ್ಯೆ. ನಾವು ಅದನ್ನು ಚೀಟಿ ಅಂಟಿಸುವ ಕೆಲಸ ಮಾಡಿಟ್ಟಿದ್ದೇವೆ. ಅದರಿಂದ ಕವಿತೆಗೆ ಆದ ನಷ್ಟ ಒಂದು ಪಾಲಾದರೆ, ಪೇಪರ್ ಓದುವ, ವೋಟು ಹಾಕುವ ಮನುಷ್ಯನಿಗೆ ಆದ ನಷ್ಟ ಹತ್ತು ಪಾಲು.

*

ಮೊದಲು "ಅಲಂಕಾರ" ಅನ್ನೋ ಪದವನ್ನೇ ನೋಡೋಣ. ನಮಗೆಲ್ಲ ಹೇಳಿಕೊಟ್ಟಿದ್ದು ಏನು? ಹೆಣ್ಣಿಗೆ ಒಡವೆ ಹೇಗೋ ಕಾವ್ಯಕ್ಕೆ ಅಲಂಕಾರ ಹಾಗೆ. ಒಡವೆ ಅಂದ ಮೇಲೆ ಬೇಕಾದರೆ ಹಾಕಿಕೊಳ್ಳಬಹುದು, ಬೇಡವಾದರೆ ತೆಗೆದಿಡಬಹುದು. ಆದರೆ ಸಂಸ್ಕೃತದಲ್ಲಿ "ಅಲಂ" ಅಂದರೆ "ಸಾಕು". ಅಲಂಕಾರ ಅಂದರೆ "ಸಾಕು ಅನ್ನುವಂತೆ ಮಾಡುವುದು", ಸಾಲದೇ ಇದ್ದ ಮಾತನ್ನು ಸಾಲುವಂತೆ ಮಾಡುವುದು. ಒಡವೆ ಆಮೇಲೆ ಬಂದ ಅರ್ಥ. ಮಾತು ಎಟುಕದೇ ಇರುವ ಕಡೆ ಕೈ ಚಾಚೋದೇ ಅಲಂಕಾರ ಅಂತ ಇಟ್ಟುಕೊಂಡರೆ ಪಾಠ ಪೂರ್ತಿ ಬದಲಾಗುತ್ತೆ ಅಲ್ವಾ?

ಇದು ನನ್ನ ತಲೆಹರಟೆ ಅಂದುಕೊಳ್ಳಬೇಡಿ. ಅಲಂಕಾರ ಒಡವೆಯೋ ಮೈಯೋ ಅನ್ನುವುದರ ಮೇಲೆ ನಮ್ಮ ಹಳಬರು ನೂರಾರು ವರ್ಷ ಜಗಳ ಆಡಿದ್ದಾರೆ. ವಾಮನ ಸೌಂದರ್ಯವೇ ಅಲಂಕಾರ ಅಂದ. ಒಂಬತ್ತನೇ ಶತಮಾನದ ಆನಂದವರ್ಧನ, ಪ್ರತ್ಯೇಕ ಪ್ರಯತ್ನವಿಲ್ಲದೆ ರಸದ ಜತೆಗೇ ಹುಟ್ಟಿಬಂದರೆ ಮಾತ್ರ ಅದು ಅಲಂಕಾರ ಅಂದ. ಮಮ್ಮಟ, ಕೆಲವೊಮ್ಮೆ ಸ್ಫುಟವಾದ ಅಲಂಕಾರ ಇಲ್ಲದಿದ್ದರೂ ಕಾವ್ಯ ಆಗುತ್ತೆ ಅಂದ. ಅದಕ್ಕೆ ಚಂದ್ರಾಲೋಕದ ಜಯದೇವ ರೇಗಿ, ಅಲಂಕಾರ ಇಲ್ಲದ ಕಾವ್ಯ ಒಪ್ಪುವವರು ಬಿಸಿ ಇಲ್ಲದ ಬೆಂಕಿಯನ್ನೂ ಒಪ್ಪಲಿ ನೋಡೋಣ ಅಂತ ಸವಾಲು ಹಾಕಿದ. (ಗಮನಿಸಿ, ಅಲಂಕಾರದ ಪರ ವಾದ ಮಾಡೋಕೂ ಅವನಿಗೆ ಒಂದು ಅಲಂಕಾರ ಬೇಕಾಯಿತು.) ಇದ್ದದ್ದನ್ನು ಇದ್ದ ಹಾಗೆ ಹೇಳುವ ಸ್ವಭಾವೋಕ್ತಿ ಅಲಂಕಾರವೋ ಅಲ್ಲವೋ ಅನ್ನೋದರ ಮೇಲಂತೂ ಭಾಮಹ, ದಂಡಿ, ಕುಂತಕ ಒಬ್ಬೊಬ್ಬರದು ಒಂದೊಂದು ದಾರಿ. ಭರತನ ನಾಟ್ಯಶಾಸ್ತ್ರದಲ್ಲಿ ಇದ್ದದ್ದು ನಾಲ್ಕೇ ಅಲಂಕಾರ: ಉಪಮೆ, ರೂಪಕ, ದೀಪಕ, ಯಮಕ. ಅಪ್ಪಯ್ಯ ದೀಕ್ಷಿತರ ಕುವಲಯಾನಂದದ ಹೊತ್ತಿಗೆ ಅದು ನೂರು ದಾಟಿತ್ತು. ಈ ನಾಲ್ಕು ನೂರಾಗಿದ್ದು ಜಗಳದಿಂದ, "ಇಲ್ಲ, ಇದು ಅದಲ್ಲ, ಸ್ವಲ್ಪ ಬೇರೆ" ಅನ್ನುವ ಸೂಕ್ಷ್ಮದಿಂದ.

ನಾವು ಏನು ಮಾಡಿದೆವು? ಜಗಳವನ್ನು ಎಸೆದು ಪಟ್ಟಿಯನ್ನು ಇಟ್ಟುಕೊಂಡೆವು. ತಿರುಳು ಬಿಸಾಕಿ ಸಿಪ್ಪೆ ಜೋಪಾನ ಮಾಡಿದೆವು.

*

ಪಟ್ಟಿಯ ಕತೆ ಹೇಗಿದೆ ಅಂದರೆ, "ಅಂತೆ, ಹಾಗೆ, ವೋಲ್ ಬಂದರೆ ಉಪಮೆ, 'ಎಂಬಂತೆ' ಬಂದರೆ ಉತ್ಪ್ರೇಕ್ಷೆ" ಅನ್ನೋ ಸುಲಭೋಪಾಯ. "ನೀವು ಹೇಳಿದಂತೆ ಮಾಡಿದೆ" ಅನ್ನುವುದರಲ್ಲೂ "ಅಂತೆ" ಇದೆ. ಉಪಮೆಯೇ? "ಮಗು ಥೇಟ್ ಅವರಪ್ಪನ ಹಾಗಿದೆ" ಅನ್ನುವುದರಲ್ಲಿ ಉಪಮೇಯ, ಉಪಮಾನ, ವಾಚಕ ಎಲ್ಲಾ ಇವೆ. ಅಲಂಕಾರವೇ? ಹಳಬರು ಇದನ್ನೂ ಯೋಚಿಸಿದ್ದರು. ಗವಯ ಅನ್ನೋ ಕಾಡುಪ್ರಾಣಿ ಹಸುವಿನಂತೆ ಇರುತ್ತೆ ಅನ್ನೋದು ಅವರ ಪ್ರಸಿದ್ಧ ಉದಾಹರಣೆ. ಹೋಲಿಕೆ ಇದೆ, ಆದರೆ ಅಲಂಕಾರ ಇಲ್ಲ ಅಂದರು. ಯಾಕೆ? ಅದರಲ್ಲಿ ಮಾಹಿತಿ ಇದೆ, ಚಮತ್ಕಾರ ಇಲ್ಲ. ಹೋಲಿಕೆ ಮನಸ್ಸಿಗೆ ಏನಾದರೂ ಮಾಡಬೇಕು. ಏನು ಮಾಡಿತು ಅನ್ನುವುದೇ ಪ್ರಶ್ನೆ ಆಗಬೇಕಿತ್ತು.

ಪಠ್ಯದ ಮದಗಜ, ಚಂದ್ರ, ಕಮಲ ಎಲ್ಲ ಪಕ್ಕಕ್ಕಿಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರೂವರೆಗೆ ನಿಂತಿದ್ದೀರಿ ಅಂದುಕೊಳ್ಳಿ. ಅಲ್ಲೇ ಕೂತು ಅಲಂಕಾರಶಾಸ್ತ್ರ ಓದಬಹುದು, ಟೈಮಿಗೇನೂ ಕೊರತೆ ಇಲ್ಲ.

"ಈ ರಸ್ತೆ ಕುರಿ ನುಂಗಿದ ಹೆಬ್ಬಾವಿನ ಹಾಗೆ ಬಿದ್ದಿದೆ." ಉಪಮೆ. ರಸ್ತೆ ಬೇರೆ, ಹಾವು ಬೇರೆ ಅಂತ ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದಾನೆ, ಅಷ್ಟೇ.

"ಹೆಬ್ಬಾವೊಂದು ಊರನ್ನೇ ನುಂಗಿ ಅರಗಿಸಿಕೊಳ್ಳಲಾರದೆ ಒದ್ದಾಡುತ್ತಿದೆಯೋ ಎಂಬಂತೆ ರಸ್ತೆ ಮಿಸುಕಾಡಿತು." ಉತ್ಪ್ರೇಕ್ಷೆ. ಅಲ್ಲ ಅಂತ ಗೊತ್ತಿದ್ದೂ ಹೌದೇನೋ ಅಂತ ಕಲ್ಪಿಸೋದು.

"ಇದೇನು ರಸ್ತೆಯೋ, ಹೆಬ್ಬಾವೋ?" ಸಸಂದೇಹ. ಅನುಮಾನದ ನಾಟಕ.

"ಇದು ರಸ್ತೆ ಅಲ್ಲ ಮಾರಾಯ್ರೇ, ಹೆಬ್ಬಾವು." ಅಪಹ್ನುತಿ. ಇರುವುದನ್ನು ಇಲ್ಲ ಅಂದು ಇಲ್ಲದ್ದನ್ನು ಕೂರಿಸೋದು.

"ಈ ರಸ್ತೆಯೇ ಹೆಬ್ಬಾವು." ರೂಪಕ. ಎರಡೂ ಒಂದೇ ಅಂದಾಯಿತು. ಆದರೂ ರಸ್ತೆ ಅನ್ನೋ ಪದ ಇನ್ನೂ ಉಳಿದಿದೆ.

"ಹೆಬ್ಬಾವಾದರೂ ಹಸಿವಾದಾಗ ಅಲುಗುತ್ತೆ, ಈ ರಸ್ತೆ ಅದೂ ಇಲ್ಲ." ವ್ಯತಿರೇಕ. ಉಪಮಾನಕ್ಕಿಂತ ಉಪಮೇಯವೇ ಒಂದು ಕೈ ಮೇಲು.

ಕೊನೆಗೆ ಆಫೀಸಿಗೆ ಲೇಟಾಗಿ ಹೋಗಿ "ಹೆಬ್ಬಾವು ಇವತ್ತೂ ಅಲುಗಲಿಲ್ಲ ಸಾರ್" ಅಂತೀರಿ. ಎಲ್ಲರಿಗೂ ಅರ್ಥ ಆಗುತ್ತೆ. ರಸ್ತೆ ಅನ್ನೋ ಪದವೇ ಮಾಯ! ಇದು ಅತಿಶಯೋಕ್ತಿಯ ಒಂದು ಬಗೆ, ರೂಪಕಾತಿಶಯೋಕ್ತಿ. ಉಪಮಾನ ಉಪಮೇಯವನ್ನು ನುಂಗಿ ಹಾಕಿತು ಅಂತಾರೆ ಶಾಸ್ತ್ರದವರು. ನಾವು ಅತಿಶಯೋಕ್ತಿ ಅಂದರೆ ಬರೀ ಬಡಾಯಿ ಅಂದುಕೊಂಡುಬಿಟ್ಟಿದ್ದೇವೆ.

ಈಗ ಹೇಳಿ, ಇವು ಏಳು ಹೆಸರುಗಳೇ? ಅಲ್ಲ. ನಂಬಿಕೆಯ ಏಳು ಅಳತೆಗಳು. ಹೇಳುವವನು ನಿಮ್ಮನ್ನು ಎಷ್ಟು ನಂಬಿಸಲು ಹೊರಟಿದ್ದಾನೆ, ನಿಮಗೆ ಅನುಮಾನ ಪಡೋಕೆ ಎಷ್ಟು ಜಾಗ ಬಿಟ್ಟಿದ್ದಾನೆ ಅನ್ನೋ ಲೆಕ್ಕ. ಉಪಮೆಯಲ್ಲಿ "ಅಂತೆ" ಅನ್ನೋ ಕಿಟಕಿ ತೆರೆದಿರುತ್ತೆ, ಬೇಕಾದರೆ ಆಚೆ ನೋಡಬಹುದು. ರೂಪಕದಲ್ಲಿ ಕಿಟಕಿ ಮುಚ್ಚಿದೆ. ಅತಿಶಯೋಕ್ತಿಯಲ್ಲಿ ಅಲ್ಲಿ ಕಿಟಕಿ ಇತ್ತು ಅನ್ನೋದೇ ಮರೆತುಹೋಗಿದೆ. "ರೂಪಕ" ಅನ್ನೋ ಹೆಸರನ್ನೇ ನಾಟಕಕ್ಕೂ ಇಟ್ಟಿದ್ದಾರೆ ನೋಡಿ. ಯಾಕೆ? ನಟನ ಮೇಲೆ ರಾಮನನ್ನು ಆರೋಪಿಸಿ ನೋಡುತ್ತೀವಲ್ಲ, ಅದಕ್ಕೆ. ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಾರೆ. ಮಾತಿನ ಬಣ್ಣ ಒರೆಸೋರು ಯಾರು?

*

ಇಲ್ಲಿಗೆ ಬಂದೆ ನೋಡಿ ಅಸಲು ವಿಷಯಕ್ಕೆ. ಕವಿತೆ ಓದದ ಮನುಷ್ಯ ಇರಬಹುದು, ಅಲಂಕಾರದ ಹೊಡೆತಕ್ಕೆ ಸಿಗದ ಮನುಷ್ಯ ಇಲ್ಲ.

ನಮ್ಮ ಸರ್ಕಾರದ ಯೋಜನೆಗಳ ಹೆಸರು ತಗೊಳ್ಳಿ. 2006ರ ಭಾಗ್ಯಲಕ್ಷ್ಮಿ, 2013ರ ಅನ್ನಭಾಗ್ಯ, ಕ್ಷೀರಭಾಗ್ಯ. ಪಕ್ಷ ಯಾವುದೇ ಇರಲಿ, ಪದ ಒಂದೇ: ಭಾಗ್ಯ. ಭಾಗ್ಯ ಅಂದರೇನು? ಅದೃಷ್ಟ. ಹಣೆಯಲ್ಲಿ ಬರೆದದ್ದು. ಕೊಡುವವನು ದೇವರು, ಪಡೆಯುವವನು ಕೈಮುಗಿದು ನಿಂತವನು. ತಮಾಷೆ ಅಂದರೆ ಅದೇ 2013ರಲ್ಲಿ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಾಡಿ, ಪಡಿತರದ ಅಕ್ಕಿಯನ್ನು ಕಾನೂನಿನ ಹಕ್ಕು ಮಾಡಿತ್ತು. ಕಾನೂನಿನಲ್ಲಿ ಹಕ್ಕು, ಚೀಲದ ಮೇಲೆ ಭಾಗ್ಯ! ಹಕ್ಕು ತಪ್ಪಿದರೆ ಜಗಳ ಆಡಬಹುದು. ಭಾಗ್ಯ ತಪ್ಪಿದರೆ? "ನನ್ನ ಹಣೆಬರಹ" ಅಂತ ಮನೆಗೆ ಹೋಗಬೇಕು.

ಆಮೇಲೆ 2023ರ ಚುನಾವಣೆಯಲ್ಲಿ ಪದ ಬದಲಾಯಿತು. ಈಗ "ಗ್ಯಾರಂಟಿ". ಗ್ಯಾರಂಟಿ ಎಲ್ಲಿಂದ ಬಂತು? ಅಂಗಡಿಯಿಂದ. ಮಿಕ್ಸಿ, ಫ್ಯಾನು, ವಾಚು ತಗೊಂಡಾಗ ಕೊಡುವ ಕಾರ್ಡಿನಿಂದ. ಈಗ ಕೊಡುವವನು ದೇವರಲ್ಲ, ಅಂಗಡಿಯವನು. ಪಡೆಯುವವನು ಭಕ್ತ ಅಲ್ಲ, ಗಿರಾಕಿ. ಒಂದು ಲೆಕ್ಕದಲ್ಲಿ ಬಡ್ತಿಯೇ ಅನ್ನಿ, ಗಿರಾಕಿ ಕನಿಷ್ಠ ಗದರಿಸಿ ಕೇಳಬಹುದು. ಆದರೆ ಭಕ್ತ ಹೋಗಿ ಗಿರಾಕಿ ಬಂದ ಈ ಆಟದಲ್ಲಿ ಪ್ರಜೆ ಎಲ್ಲಿ ಹೋದ? ಯೋಜನೆ ಒಳ್ಳೇದೋ ಕೆಟ್ಟದ್ದೋ ಅದು ಬೇರೆ ಚರ್ಚೆ, ಇಲ್ಲಿ ಬೇಡ. ನಾನು ಹೇಳ್ತಿರೋದು, ಇಲ್ಲಿ ಒಂದು ಹೋಲಿಕೆ ನಡೆದಿದೆ, ಉಪಮೇಯವನ್ನು ಪೂರ್ತಿ ನುಂಗಿ ಆಗಿದೆ, ನಮಗೆ ಗೊತ್ತೇ ಆಗಿಲ್ಲ ಅಂತ.

2008ರಲ್ಲಿ "ಆಪರೇಷನ್ ಕಮಲ" ಅಂತ ಒಂದು ಪದ ಹುಟ್ಟಿತಲ್ಲ, ನೆನಪಿದೆಯಾ? ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ, ತಮ್ಮ ಪಕ್ಷದಿಂದ ಮತ್ತೆ ಚುನಾವಣೆಗೆ ನಿಲ್ಲಿಸೋದಕ್ಕೆ ಆಪರೇಷನ್ ಅಂತ ಹೆಸರು. ಆಪರೇಷನ್ ಅಂದರೆ ಡಾಕ್ಟರು ಮಾಡೋದು, ಇಲ್ಲವೇ ಸೈನ್ಯ ಮಾಡೋದು. ಡಾಕ್ಟರು ಅಂದ್ಕೊಂಡರೆ ರೋಗಿ ಯಾರು? ಸೈನ್ಯ ಅಂದ್ಕೊಂಡರೆ ಶತ್ರು ಯಾರು? ಎರಡಕ್ಕೂ ಉತ್ತರ ಒಂದೇ: ವೋಟು ಹಾಕಿದವನು. ಆ ಪದವನ್ನು ಪೇಪರಿನವರು ಬರೆದರು, ಟೀವಿಯವರು ಕೂಗಿದರು, ವಿರೋಧ ಮಾಡಿದವರೂ ಅದನ್ನೇ ಬಳಸಿದರು. ಸೀತೆಯ ಮುಖದ ಕಮಲದಲ್ಲಿ ಉಪಮಾನ ಹುಡುಕಿ ಅಂಕ ತಗೊಂಡ ನಾವೇ, ಪೇಪರಿನ ಕಮಲವನ್ನು ಕಾಫಿ ಜತೆ ನುಂಗಿದೆವು.

ಇನ್ನೊಂದು ಹೇಳ್ತೀನಿ, ಬೈಬೇಡಿ. "ಕನ್ನಡ ತಾಯಿ". ಇದು ಬಹಳ ದೊಡ್ಡ ಕೆಲಸ ಮಾಡಿದ ರೂಪಕ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಅಂತ ಹಂಚಿಹೋಗಿದ್ದ ಜನ ತಾವು ಒಡಹುಟ್ಟಿದವರು ಅಂತ ಅಂದುಕೊಳ್ಳೋಕೆ, 1956ರ ನವೆಂಬರ್ 1ಕ್ಕೆ ಒಂದಾಗೋಕೆ ಈ ತಾಯಿ ಬೇಕಿತ್ತು. ಆದರೆ ಪ್ರತಿ ರೂಪಕವೂ ಒಂದನ್ನು ತೋರಿಸುವಾಗ ಒಂದನ್ನು ಮುಚ್ಚುತ್ತೆ. ತಾಯಿ ಅಂದ ಕೂಡಲೇ ಹೊಟ್ಟೆಯಲ್ಲಿ ಹುಟ್ಟಿದವರು, ಹುಟ್ಟದವರು ಅನ್ನೋ ಲೆಕ್ಕ ಶುರುವಾಗುತ್ತೆ. ಮನೆಯಲ್ಲಿ ತಮಿಳು ಆಡುತ್ತಿದ್ದ ಮಾಸ್ತಿ ಮತ್ತು ಪುತಿನ, ಮರಾಠಿ ಆಡುತ್ತಿದ್ದ ಬೇಂದ್ರೆ, ಕೊಂಕಣಿ ಆಡುತ್ತಿದ್ದ ಗೋವಿಂದ ಪೈ, ಇವರೆಲ್ಲ ಈ ಲೆಕ್ಕದಲ್ಲಿ ಯಾರು? ಹೊಟ್ಟೆಯಲ್ಲಿ ಹುಟ್ಟದೆಯೂ ಮನೆಯನ್ನು ಕಟ್ಟಿದವರು ಅವರು. ತಾಯಿ ಅನ್ನೋ ರೂಪಕ ಬಿಡಿ ಅಂತ ನಾನು ಹೇಳ್ತಾ ಇಲ್ಲ. ಅದು ರೂಪಕ ಅನ್ನೋದನ್ನು ಮರೀಬೇಡಿ ಅಂತಿದ್ದೀನಿ.

*

ಇದಕ್ಕೆ ಬರಬಹುದಾದ ಆಕ್ಷೇಪಣೆಗಳು ಗೊತ್ತು. ಒಂದೊಂದಾಗಿ ನೋಡೋಣ.

ಒಂದು: "ಇವೆಲ್ಲ ಸಂಸ್ಕೃತದ ಹಳೇ ಸಾಮಾನು, ಕನ್ನಡಕ್ಕೆ ಯಾಕೆ?"

ಹೆಸರುಗಳು ಸಂಸ್ಕೃತದವು, ಒಪ್ಪಿದೆ. ಆದರೆ ಕೆಲಸ? "ಬಿಳಿ ಕುದುರೆಗೆ ಹಸಿರು ಬಾಲ" ಅಂತ ಒಗಟು ಹೇಳಿ ಮೂಲಂಗಿ ಅನ್ನಿಸುವ ಅಜ್ಜಿ ಯಾವ ದಂಡಿಯನ್ನು ಓದಿದ್ದರು? ಮೂಲಂಗಿಯನ್ನು ಕುದುರೆ ನುಂಗಿ ಹಾಕಿದೆ, ಹುಡುಕಿ ಕಕ್ಕಿಸು ಅನ್ನೋದೇ ಒಗಟು. ಅದೇ ರೂಪಕಾತಿಶಯೋಕ್ತಿ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಅನ್ನೋ ಗಾದೆ ದೃಷ್ಟಾಂತ. ಇಷ್ಟು ಬೇಡ, "ಬಾಗಿಲು" ಅನ್ನೋ ಪದವನ್ನೇ ನೋಡಿ. ಅದರೊಳಗೆ "ಬಾಯಿ" ಕೂತಿದೆ, ತಮಿಳಿನ "ವಾಯಿಲ್"ನಲ್ಲಿ ಇನ್ನೂ ಸ್ಪಷ್ಟ. ಮನೆಗೆ ಬಾಯಿ ಇದೆ ಅಂತ ಯಾವುದೋ ಕಾಲದಲ್ಲಿ ಯಾರಿಗೋ ಹೊಳೆದದ್ದನ್ನು ನಾವು ದಿನಾ ಚಿಲಕ ಹಾಕಿ ತೆಗೀತಿದ್ದೀವಿ. ಸೂಜಿಗೆ ಕಣ್ಣು, ಕುರ್ಚಿಗೆ ಕಾಲು, ಗಂಟೆಗೆ ನಾಲಿಗೆ, ಹೊಟ್ಟೆಗೆ ಕಿಚ್ಚು... ಇವೆಲ್ಲ ಯಾವ ಕವಿಯದು? ಮಾತಾಡುವ ಜನರದು.

ಮತ್ತೆ ನಮ್ಮ ಕವಿರಾಜಮಾರ್ಗ. ಕ್ರಿ.ಶ. 850ರ ಆಸುಪಾಸಿನದು, ನೃಪತುಂಗನ ಆಸ್ಥಾನದ ಶ್ರೀವಿಜಯನ ಹೆಸರಿಗೆ ಸೇರುವ ಕೃತಿ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಅದೇ ಒಂದು ಅಲಂಕಾರ ಗ್ರಂಥ ಅನ್ನೋದು ನೆನಪಿರಲಿ. ದಂಡಿಯಿಂದ ತುಂಬಾ ತಗೊಂಡಿದೆ ನಿಜ, ಆದರೆ ಕನ್ನಡಕ್ಕೆ ಯಾವುದು ಒಗ್ಗುತ್ತೆ, ಯಾವುದು ಒಗ್ಗಲ್ಲ ಅಂತ ಹೆಜ್ಜೆ ಹೆಜ್ಜೆಗೂ ವಿಚಾರ ಮಾಡಿದೆ. ಸಂಸ್ಕೃತ ಕನ್ನಡ ಪದಗಳನ್ನು ಕಂಡಾಪಟ್ಟೆ ಬೆರೆಸಿ ಸಮಾಸ ಮಾಡೋದು ಬೇಡ ಅಂತ ಹೇಳುವಾಗ ಆ ಕವಿ ಸೂತ್ರ ಒದರಿ ಸುಮ್ಮನಾಗಲಿಲ್ಲ. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಅಂದ. ಹಾಲು ಒಡೆದದ್ದನ್ನು ಒಮ್ಮೆ ನೋಡಿದವರಿಗೆ ಬೇರೆ ವಾದ ಬೇಕಾ? ಅಲ್ಲಿ ಆ ಉಪಮೆ ಒಡವೆ ಅಲ್ಲ, ಅದೇ ವಾದ. ತೆಗೆದರೆ ವಾದವೇ ಬಿದ್ದುಹೋಗುತ್ತೆ.

ಬಸವಣ್ಣನವರ ಪ್ರಸಿದ್ಧ ವಚನವೊಂದು ಇದೆಯಲ್ಲ, ದೇಹವೇ ದೇಗುಲ ಅನ್ನೋದು. ಕಾಲನ್ನು ಕಂಬ, ತಲೆಯನ್ನು ಕಳಸ ಮಾಡಿದ್ದು. "ಇಲ್ಲಿ ರೂಪಕಾಲಂಕಾರವಿದೆ" ಅಂತ ಬರೆದು ಮುಂದೆ ಹೋಗಿಬಿಟ್ಟರೆ ಹನ್ನೆರಡನೇ ಶತಮಾನದ ಒಂದು ಬಂಡಾಯವನ್ನು ಚೀಟಿ ಅಂಟಿಸಿ ಕಪಾಟಿಗೆ ಇಟ್ಟ ಹಾಗೆ. ದುಡ್ಡಿದ್ದವನು ಕಲ್ಲಿನಲ್ಲಿ ಕಟ್ಟಿಸುತ್ತಾನೆ, ಇಲ್ಲದವನು? ಆ ಪ್ರಶ್ನೆಗೆ ಉತ್ತರ ಬಂದದ್ದೇ ರೂಪಕದ ರೂಪದಲ್ಲಿ. ದೇಗುಲ ಅನ್ನೋ ಪದವನ್ನು ಸಿರಿವಂತರ ಕೈಯಿಂದ ಕಿತ್ತು ಬಡವನ ಮೈಗೆ ತೊಡಿಸಿದ್ದು ಆ ರೂಪಕ. ಅದನ್ನು "ಅಲಂಕಾರ" ಅಂದಾಗ ಮಕ್ಕಳಿಗೆ ಒಡವೆ ನೆನಪಾದರೆ ಅದು ಪಾಠದ ತಪ್ಪು.

ಎರಡು: "ಕವಿತೆಯನ್ನು ಅನುಭವಿಸಬೇಕು, ಬಿಡಿಸಿ ನೋಡಬಾರದು. ಹೂವಿನ ಎಸಳು ಕಿತ್ತರೆ ಹೂವು ಉಳಿಯುತ್ತಾ?"

ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಮೊದಲನೇದಾಗಿ, ಇದೇ ಒಂದು ದೃಷ್ಟಾಂತ, ಅಲಂಕಾರವನ್ನು ಬೈಯೋಕೂ ಅಲಂಕಾರವೇ ಗತಿ. ಎರಡನೇದಾಗಿ, ಸಾರಿಗೆ ಇಂಗಿನ ಒಗ್ಗರಣೆ ಬಿದ್ದಿದೆ ಅಂತ ಗೊತ್ತಾದರೆ ಸಾರಿನ ರುಚಿ ಕೆಡುತ್ತಾ? ರಾಗ ಮೋಹನ ಅಂತ ಗೊತ್ತಾದವನಿಗೆ ಹಾಡು ಕೇಳಿಸೋದು ನಿಲ್ಲುತ್ತಾ? ಗೊತ್ತಿದ್ದವನು ಹೆಚ್ಚು ಸುಖಪಡುತ್ತಾನೆ. ಹೆಸರು ಗೊತ್ತಿದ್ದು ರುಚಿ ಗೊತ್ತಿಲ್ಲದವನು ಮಾತ್ರ ಬೋರು ಹೊಡೆಸುತ್ತಾನೆ. ನಮ್ಮ ಪರೀಕ್ಷೆಗಳು ತಯಾರು ಮಾಡ್ತಿರೋದು ಅಂಥವರನ್ನೇ. ಕುಮಾರವ್ಯಾಸನ ಬಿರುದೇನು ಅಂತ ಕೇಳಿ, "ರೂಪಕ ಸಾಮ್ರಾಜ್ಯ ಚಕ್ರವರ್ತಿ" ಅಂತ ಟಪ್ ಅಂತ ಬರುತ್ತೆ. ಅವನ ಒಂದು ರೂಪಕ ಹೇಳು ಅಂದರೆ ಮೌನ. ಆ ಬಿರುದೇ ಒಂದು ರೂಪಕ ಅಲ್ವೇನಪ್ಪಾ ಅಂದರೆ ಇನ್ನೂ ದೊಡ್ಡ ಮೌನ!

ಮೂರು: "ಇದು ನವ್ಯ, ನವ್ಯೋತ್ತರ ಕಾಲ. ಈಗ ಯಾರು ಅಲಂಕಾರ ಬಳಸ್ತಾರೆ?"

ಎಲ್ಲರೂ. ನವ್ಯರು ಅಲಂಕಾರ ಬಿಡಲಿಲ್ಲ, ಹೆಸರು ಬದಲಾಯಿಸಿದರು. ಪ್ರತಿಮೆ, ಸಂಕೇತ, ವ್ಯಂಗ್ಯ ಅಂದರು. ಅಡಿಗರ "ಚಂಡೆಮದ್ದಳೆ" (1954), "ಭೂಮಿಗೀತ" (1959) ಸಂಕಲನಗಳ ಹೆಸರುಗಳಲ್ಲೇ ರೂಪಕ ಇದೆ. ಅವರು ಬಿಟ್ಟದ್ದು ಸವೆದುಹೋದ ಹೋಲಿಕೆಗಳನ್ನು. ಅದು ಅಲಂಕಾರದ ಮೇಲಿನ ಸಿಟ್ಟಲ್ಲ, ಅಲಂಕಾರದ ಮೇಲಿನ ಮರ್ಯಾದೆ.

*

ಸವೆದ ಹೋಲಿಕೆ ಅಂದ ಮೇಲೆ ನಮ್ಮ ಮನೆಯ ಕಡೆಗೂ ಒಮ್ಮೆ ತಿರುಗಲೇಬೇಕು. ಗೆಳೆಯರೇ, ಕನ್ನಡ ಬ್ಲಾಗುಗಳ ಕವನಗಳನ್ನು ಪ್ರೀತಿಯಿಂದಲೇ ಓದುತ್ತೇನೆ. ಅದಕ್ಕೇ ಹೇಳುವ ಧೈರ್ಯ. ನೆನಪಿನ ದೋಣಿ, ಕನಸಿನ ಕುದುರೆ, ಭಾವನೆಗಳ ಸಾಗರ, ಮನದ ಬಾನು, ಒಲವಿನ ಮಳೆ... ಇವನ್ನು ಯಾರು ಬರೆದರು ಅಂತ ಹೆಸರು ಮುಚ್ಚಿಟ್ಟರೆ ಬರೆದವರಿಗೇ ಗುರುತು ಸಿಗಲಿಕ್ಕಿಲ್ಲ. ನೆನಪಿಗೆ ದೋಣಿಯೇ ಯಾಕೆ? ಆ ದೋಣಿಗೆ ಹುಟ್ಟು ಇದೆಯಾ, ತೂತು ಇದೆಯಾ, ನಡೆಸೋರು ಯಾರು? ನೀವು ಕೊನೆಯ ಸಲ ದೋಣಿ ಹತ್ತಿದ್ದು ಯಾವಾಗ? ಹುಟ್ಟೂ ಇಲ್ಲ, ನೀರೂ ಇಲ್ಲ ಅಂದರೆ ಅದು ರೂಪಕ ಅಲ್ಲ, ಸ್ಟಿಕ್ಕರು. ಆನಂದವರ್ಧನ ಬೇಡ ಅಂದದ್ದು ಇದನ್ನೇ, ಮಾತಿನ ಜತೆ ಹುಟ್ಟದೆ ಆಮೇಲೆ ತಂದು ಅಂಟಿಸಿದ್ದನ್ನು.

ಯಾಕೆ ಹೀಗಾಯಿತು ಅಂದರೆ ಮತ್ತೆ ಅದೇ ನೋಟ್ಸಿಗೆ ಬರಬೇಕು. ಉಪಮಾನ ಅನ್ನೋದು ಪಟ್ಟಿಯಿಂದ ಆರಿಸಿಕೊಳ್ಳೋ ವಸ್ತು ಅಂತ ಕಲಿತವರು ಬರೆಯುವಾಗಲೂ ಪಟ್ಟಿಯಿಂದಲೇ ಆರಿಸ್ತಾರೆ. ಕಮಲವೇ ಯಾಕೆ ಅಂತ ಕೇಳಿಕೊಂಡು ಬೆಳೆದಿದ್ದರೆ ದೋಣಿಯೇ ಯಾಕೆ ಅಂತ ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ನಿಮ್ಮ ಊರಿನ, ನಿಮ್ಮ ಕೆಲಸದ, ನಿಮ್ಮ ಅಡುಗೆಮನೆಯ ಹೋಲಿಕೆ ತನ್ನಿ. ಸಾಫ್ಟ್‌ವೇರಿನವರಿಗೆ ಬಗ್ಗು, ಬ್ಯಾಂಕಿನವರಿಗೆ ಬೌನ್ಸಾದ ಚೆಕ್ಕು, ಮಲೆನಾಡಿನವರಿಗೆ ಕೊಳೆರೋಗ ಬಂದ ಅಡಿಕೆ. ಅದು ನಿಮ್ಮದು, ಇನ್ಯಾರೂ ಕೊಡಲಾರದ್ದು.

ಇದರಲ್ಲಿ ಮೇಷ್ಟ್ರುಗಳನ್ನು ಬೈದು ಪ್ರಯೋಜನ ಇಲ್ಲ. ನಲವತ್ತು ನಿಮಿಷದ ಪಿರಿಯಡ್ಡು, ಮುಗಿಸಬೇಕಾದ ಪೋರ್ಷನ್ನು, ಮೇಲೆ ಫಲಿತಾಂಶದ ಒತ್ತಡ. ಪ್ರಶ್ನೆಪತ್ರಿಕೆ ಕೇಳಿದ್ದನ್ನು ಅವರು ಕಲಿಸ್ತಾರೆ. ಆದ್ದರಿಂದ ಬದಲಾಗಬೇಕಾದದ್ದು ಪ್ರಶ್ನೆ. "ಅಲಂಕಾರ ಹೆಸರಿಸಿ, ಲಕ್ಷಣ ಬರೆಯಿರಿ" ಅನ್ನೋದರ ಬದಲು ಹೀಗೆ ಕೇಳಿ: ಈ ವಾಕ್ಯದಲ್ಲಿ ಕಮಲ ತೆಗೆದು ಬೇರೆ ಏನಾದರೂ ಇಡಿ, ಏನು ಬದಲಾಯಿತು? ಈ ಹೋಲಿಕೆ ಯಾವುದನ್ನು ತೋರಿಸುತ್ತೆ, ಯಾವುದನ್ನು ಮುಚ್ಚುತ್ತೆ? ಇದನ್ನು ಉಪಮೆಯಿಂದ ರೂಪಕಕ್ಕೆ ಬದಲಾಯಿಸಿ, ಮಾತಿನ ಜೋರು ಹೆಚ್ಚಿತೋ ಕಡಿಮೆಯಾಯಿತೋ? ತಿದ್ದೋದು ಕಷ್ಟ, ಗೊತ್ತು. ಆದರೆ ಚೀಟಿ ಅಂಟಿಸುವ ಕೆಲಸವನ್ನು ಈಗ ಮೊಬೈಲೇ ಕ್ಷಣದಲ್ಲಿ ಮಾಡಿಬಿಡುತ್ತೆ. ಅದೇ ಕೆಲಸವನ್ನು ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿ ಏನು ಸಾಧಿಸ್ತೀವಿ?

ಹೋಲಿಕೆ ಕಾಣಿಸದವನಿಗೆ ಕವಿತೆ ಸಿಗಲ್ಲ, ಅದು ಅವನ ನಷ್ಟ. ಹೋಲಿಕೆ ಕಾಣಿಸದ ಊರಿಗೆ ಬೇರೆಯವರು ಹೋಲಿಕೆಗಳನ್ನು ಹೊಲಿದು ತೊಡಿಸುತ್ತಾರೆ, ಅದು ಎಲ್ಲರ ನಷ್ಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿರುವ ಬೆಂಗಳೂರನ್ನು "ಸಿಲಿಕಾನ್ ಕಣಿವೆ" ಅಂತ ಕರೆದಾಗ, ಕಣಿವೆ ಎಲ್ಲಿದೆ ಸ್ವಾಮೀ ಅಂತ ಜೋರಾಗಿ ಕೇಳಿದವರು ಎಷ್ಟು ಜನ? ಯಾವುದೋ ಊರಿನ ಹೆಸರಿನ ನಕಲಾಗಿ ನಮ್ಮ ಊರನ್ನು ನೋಡೋಕೆ ಶುರು ಮಾಡಿದ ಮೇಲೆ ನಮ್ಮ ಊರಿನ ಕೆರೆ ನಮಗೆ ಕಾಣಿಸಲಿಲ್ಲ.

ನಿಮಗೊಂದು ಕೆಲಸ ಕೊಡ್ತೀನಿ, ಬೇಜಾರಿಲ್ಲದೆ ಮಾಡಿ. ನಾಳೆ ಬೆಳಿಗ್ಗೆಯ ಪೇಪರಿನ ಮೊದಲ ಪುಟದಲ್ಲಿ, ಉಪಮೇಯ ನುಂಗಿ ಕೂತಿರುವ ಒಂದೇ ಒಂದು ಪದ ಹುಡುಕಿ. ಯಾವುದನ್ನು ನುಂಗಿದೆ, ಯಾರ ಅನುಕೂಲಕ್ಕೆ ನುಂಗಿದೆ ಅಂತ ಎರಡು ಸಾಲು ನಿಮ್ಮ ಬ್ಲಾಗಿನಲ್ಲಿ ಬರೆದು ಇಲ್ಲಿ ಕೊಂಡಿ ಹಾಕಿ. ಒಪ್ಪದವರು ಧಾರಾಳವಾಗಿ ಬೈದು ಕಾಮೆಂಟಿಸಿ. ಆದರೆ ಒಂದು ಷರತ್ತು: ಯಾವ ಅಲಂಕಾರವನ್ನೂ ಬಳಸದೆ ಬೈಬೇಕು. ಆಗುತ್ತಾ ನೋಡೋಣ!